ಚೆಕ್ ಬೌನ್ಸ್ ಆಯಿತೇ? ಮೊದಲು ದಿನಾಂಕ ಗುರುತು ಹಾಕಿಕೊಳ್ಳಿ

ಯುಪಿಐ ಬಂದು ಇಷ್ಟು ವರ್ಷವಾದರೂ ದೊಡ್ಡ ಬಾಕಿಗೆ ಚೆಕ್ ಬರೆಸಿಕೊಳ್ಳುವ ರೂಢಿ ತುಮಕೂರು ಸೀಮೆಯಲ್ಲಿ ಹೋಗಿಲ್ಲ. ಚೇಳೂರು ಕಡೆಯ ಅಡಿಕೆ, ಕುಣಿಗಲ್ ಕಡೆಯ ತೆಂಗು, ತುಮಕೂರಿನ ಮಂಡಿ ಲೆಕ್ಕ, ನೆಂಟರಿಷ್ಟರ ಕೈಸಾಲ ಎಲ್ಲದಕ್ಕೂ ಕೊನೆಗೆ ಭದ್ರತೆಯಾಗಿ ಕೈಯಲ್ಲಿ ಉಳಿಯುವುದು ಸಹಿ ಹಾಕಿದ ಒಂದು ಚೆಕ್. ಅದು ಹಣವಿಲ್ಲದೆ ವಾಪಸಾದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಜೈಲು, ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಆದರೆ ಸಾಲ ಸತ್ಯವಾಗಿದ್ದೂ ಕೇಸು ಬಿದ್ದುಹೋಗುವುದುಂಟು. ನೋಟಿಸ್ ತಡವಾಗಿರುತ್ತದೆ, ಇಲ್ಲವೇ ಅದರಲ್ಲಿ ಅಂಕಿ ತಪ್ಪಿರುತ್ತದೆ. 2025ರ ತೀರ್ಪುಗಳು ಚೆಕ್ ಪಡೆದವರ ಹಾದಿಯನ್ನು ಕೆಲವು ಕಡೆ ಸಲೀಸು ಮಾಡಿವೆ, ನೋಟಿಸ್ ವಿಷಯದಲ್ಲಿ ಮಾತ್ರ ಬಿಗಿ ಮಾಡಿವೆ. ಇದನ್ನು ತಿಳಿದು ಒಂದೊಂದೇ ಹೆಜ್ಜೆ ಇಡಬೇಕು.

ಹೆಜ್ಜೆ 1: ರಿಟರ್ನ್ ಮೆಮೊ ಪಡೆಯಿರಿ

ಚೆಕ್ಕಿನ ಆಯುಸ್ಸು ಅದರ ಮೇಲಿನ ದಿನಾಂಕದಿಂದ ಮೂರು ತಿಂಗಳು. ಅಷ್ಟರೊಳಗೆ ಬ್ಯಾಂಕಿಗೆ ಹಾಕಬೇಕು. ವಾಪಸಾದರೆ ಮೂಲ ಚೆಕ್ ಮತ್ತು ವಾಪಸಾದ ಕಾರಣ ಬರೆದ ಬ್ಯಾಂಕಿನ ಚೀಟಿ, ಅಂದರೆ ರಿಟರ್ನ್ ಮೆಮೊ, ಎರಡನ್ನೂ ಕೇಳಿ ಪಡೆಯಿರಿ. ಮೆಮೊ ನಿಮ್ಮ ಕೈಸೇರಿದ ದಿನವನ್ನು ಬರೆದಿಡಿ, ಮುಂದಿನ ಲೆಕ್ಕವೆಲ್ಲ ಅಲ್ಲಿಂದ ಶುರು.

‘ಖಾತೆಯಲ್ಲಿ ಹಣವಿಲ್ಲ’ ಎಂಬ ಕಾರಣಕ್ಕೆ ಮಾತ್ರ ಕೇಸು ಎಂದುಕೊಳ್ಳಬೇಡಿ. ಖಾತೆ ಮುಚ್ಚಿದ್ದರೂ, ‘ಸ್ಟಾಪ್ ಪೇಮೆಂಟ್’ ಕೊಟ್ಟಿದ್ದರೂ, ಸಹಿ ಹೊಂದುವುದಿಲ್ಲ ಎಂದು ವಾಪಸಾದರೂ 138ನೇ ಕಲಂ ಅನ್ವಯವಾಗಬಹುದು ಎಂದು ಸುಪ್ರೀಂ ಕೋರ್ಟ್ 2012ರ ಲಕ್ಷ್ಮಿ ಡೈಕೆಮ್ ಪ್ರಕರಣದಲ್ಲಿ ಹೇಳಿದೆ.

ಹೆಜ್ಜೆ 2: 30 ದಿನದೊಳಗೆ ನೋಟಿಸ್, ಅಂಕಿ ಒಂದಿಷ್ಟೂ ತಪ್ಪದೆ

ಮೆಮೊ ಬಂದ 30 ದಿನದೊಳಗೆ ಹಣ ಕೇಳಿ ಲಿಖಿತ ನೋಟಿಸ್ ಕಳಿಸಬೇಕು. ಚೆಕ್ ನಂಬರು, ದಿನಾಂಕ, ಬ್ಯಾಂಕ್ ಮತ್ತು ಶಾಖೆ, ವಾಪಸಾದ ಕಾರಣ, ಚೆಕ್ಕಿನ ಮೊತ್ತ ಇವಿಷ್ಟೂ ಅದರಲ್ಲಿರಲಿ.

ಮೊತ್ತದ ವಿಷಯದಲ್ಲಿ ಕಣ್ಣಲ್ಲಿ ಕಣ್ಣಿಟ್ಟು ನೋಡಿ. 2025ರ ಸೆಪ್ಟೆಂಬರ್ 19ರಂದು ತೀರ್ಮಾನವಾದ ಕಾವೇರಿ ಪ್ಲಾಸ್ಟಿಕ್ಸ್ ಪ್ರಕರಣದಲ್ಲಿ ಚೆಕ್ ಇದ್ದದ್ದು 1 ಕೋಟಿ ರೂಪಾಯಿಗೆ, ನೋಟಿಸಿನಲ್ಲಿ ಕೇಳಿದ್ದು 2 ಕೋಟಿ. ಟೈಪಿಂಗ್ ತಪ್ಪು ಎಂಬ ಸಮಜಾಯಿಷಿಯನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ನೋಟಿಸೇ ಅಸಿಂಧು ಎಂದಿತು. ಬಡ್ಡಿ, ನೋಟಿಸ್ ಖರ್ಚು ಕೇಳುವುದಿದ್ದರೆ ಚೆಕ್ ಮೊತ್ತವನ್ನು ಒಂದು ಸಾಲಿನಲ್ಲಿ ಬೇರೆಯಾಗಿಯೇ ಬರೆದು, ಉಳಿದದ್ದನ್ನು ಕೆಳಗೆ ತೋರಿಸಿ. ತಪ್ಪು ಕಣ್ಣಿಗೆ ಬಿದ್ದಾಗ 30 ದಿನ ಇನ್ನೂ ಮುಗಿದಿಲ್ಲವಾದರೆ ತಡಮಾಡದೆ ಸರಿಯಾದ ಹೊಸ ನೋಟಿಸ್ ಕಳಿಸಿ.

ಚೆಕ್ ಕೊಟ್ಟ ಮೇಲೆ ಒಂದಿಷ್ಟು ಹಣ ಫೋನ್‌ಪೇಯಲ್ಲೋ ಕೈಯಲ್ಲೋ ಬಂದಿದ್ದರೆ ಇನ್ನೊಂದು ತೊಡಕಿದೆ. 5 ಲಕ್ಷದ ಚೆಕ್ಕಿಗೆ 2 ಲಕ್ಷ ಬಂದಿದೆ ಎನ್ನಿ. ಪೂರ್ತಿ 5 ಲಕ್ಷಕ್ಕೆ ಅದೇ ಚೆಕ್ ಹಾಕಿದರೆ ಕೇಸು ನಿಲ್ಲುವುದಿಲ್ಲ ಎಂಬುದು 2022ರ ದಶರಥಭಾಯ್ ಪಟೇಲ್ ತೀರ್ಪಿನ ಸಾರ. ಬಂದ ಹಣವನ್ನು ಚೆಕ್ಕಿನ ಮೇಲೆ ನಮೂದಿಸಿ ಉಳಿದದ್ದಕ್ಕೆ ಹಾಕಬೇಕು. ಬಾಕಿಯಷ್ಟಕ್ಕೇ ಹೊಸ ಚೆಕ್ ಬರೆಸಿಕೊಳ್ಳುವುದು ಇನ್ನೂ ಒಳ್ಳೆಯದು.

ಹೆಜ್ಜೆ 3: ಅಂಚೆಯ ಗುರುತು ಉಳಿಸಿಕೊಳ್ಳಿ

ರಿಜಿಸ್ಟರ್ಡ್ ಪೋಸ್ಟ್ ಸೇವೆಯನ್ನು ಅಂಚೆ ಇಲಾಖೆ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದೆ. ಹಾಗಾಗಿ ನೋಟಿಸನ್ನು ಸ್ಪೀಡ್ ಪೋಸ್ಟಿನಲ್ಲಿ, ತಲುಪಿದ್ದಕ್ಕೆ ಪುರಾವೆ ಸಿಗುವಂತೆ ಕಳಿಸಿ. ರಸೀದಿ, ಟ್ರ್ಯಾಕಿಂಗ್ ಪ್ರಿಂಟು, ನೋಟಿಸಿನ ನಕಲು ಒಂದೇ ಕಡೆ ಇರಲಿ.

‘ಮನೆ ಬೀಗ’, ‘ತಿರಸ್ಕರಿಸಿದ್ದಾರೆ’ ಎಂಬ ಷರಾ ಬರೆದು ಲಕೋಟೆ ವಾಪಸು ಬಂದರೆ ಒಡೆಯಬೇಡಿ, ಹಾಗೆಯೇ ಕೋರ್ಟಿಗೆ ಕೊಡಿ. ಸರಿಯಾದ ವಿಳಾಸಕ್ಕೆ ಕಳಿಸಿದ್ದರೆ ತಲುಪಿದಂತೆ ಭಾವಿಸಬಹುದು ಎಂದು 2007ರ ಸಿ.ಸಿ. ಅಲವಿ ಹಾಜಿ ತೀರ್ಪು ಹೇಳುತ್ತದೆ. ನೋಟಿಸ್ ಸಿಕ್ಕಿಲ್ಲ ಎನ್ನುವವರು ಸಮನ್ಸ್ ಬಂದ 15 ದಿನದೊಳಗೆ ಹಣ ಕಟ್ಟಲು ಅದೇ ತೀರ್ಪಿನಲ್ಲಿ ಅವಕಾಶವಿದೆ.

ಹೆಜ್ಜೆ 4: 15 ದಿನ ಕಾಯಿರಿ, ಆಮೇಲೆ ಕಾಯಬೇಡಿ

ನೋಟಿಸ್ ಕೈಸೇರಿದ ಮೇಲೆ ಹಣ ಕೊಡಲು ಎದುರಿನವರಿಗೆ 15 ದಿನವಿದೆ. ಅದು ಮುಗಿಯುವ ಮುನ್ನವೇ ಹಾಕಿದ ದೂರು ಕಾನೂನಿನ ಕಣ್ಣಿಗೆ ದೂರೇ ಅಲ್ಲ ಎಂದು 2014ರ ಯೋಗೇಂದ್ರ ಪ್ರತಾಪ್ ಸಿಂಗ್ ತೀರ್ಪಿನಲ್ಲಿದೆ. 15 ದಿನ ಕಳೆದ ಮೇಲೆ ದೂರು ಹಾಕಲು ಒಂದು ತಿಂಗಳು.

ಉದಾಹರಣೆಗೆ ಮೆಮೊ ಬಂದದ್ದು ಮಾರ್ಚ್ 3ಕ್ಕೆ ಎನ್ನಿ. ನೋಟಿಸ್ ಕಳಿಸಲು ಏಪ್ರಿಲ್ 2 ಕೊನೆ. ನೀವು ಮಾರ್ಚ್ 10ಕ್ಕೆ ಕಳಿಸಿ, ಅದು 12ಕ್ಕೆ ತಲುಪಿದರೆ 15 ದಿನ ಮುಗಿಯುವುದು 27ಕ್ಕೆ. ದೂರು ಮಾರ್ಚ್ 28ರಿಂದ ಹಾಕಬಹುದು, ಏಪ್ರಿಲ್ 27ರೊಳಗೆ ಹಾಕಿಬಿಡುವುದು ಕ್ಷೇಮ. ದೂರು ತಡವಾದರೆ ಸಕಾರಣ ತೋರಿಸಿ ಕೋರ್ಟಿನಲ್ಲಿ ಮನ್ನಾ ಕೇಳಬಹುದು. ನೋಟಿಸಿನ 30 ದಿನಕ್ಕೆ ಆ ಮನ್ನಾ ಇಲ್ಲ.

ಹೆಜ್ಜೆ 5: ಯಾವ ಊರಿನ ಕೋರ್ಟು?

2015ರ ತಿದ್ದುಪಡಿಯ ಬಳಿಕ ಉತ್ತರ ಸುಲಭವಾಗಿದೆ. ಚೆಕ್ಕನ್ನು ನಿಮ್ಮ ಖಾತೆಗೆ ಜಮಾ ಮಾಡಲು ಹಾಕಿದ್ದರೆ, ನಿಮ್ಮ ಖಾತೆ ಯಾವ ಶಾಖೆಯಲ್ಲಿದೆಯೋ ಆ ಊರಿನ ಕೋರ್ಟು. ಗುಬ್ಬಿ ಶಾಖೆಯಲ್ಲಿ ಖಾತೆಯಿರುವ ಅಡಿಕೆ ಬೆಳೆಗಾರ ಚಿತ್ರದುರ್ಗದ ಖರೀದಿದಾರನ ಮೇಲೆ ಗುಬ್ಬಿಯ ಜೆಎಂಎಫ್‌ಸಿ ನ್ಯಾಯಾಲಯದಲ್ಲೇ ದೂರು ಕೊಡಬಹುದು. ಕುಣಿಗಲ್‌ನವರಾಗಿದ್ದು ಖಾತೆ ತುಮಕೂರು ಶಾಖೆಯಲ್ಲಿದ್ದರೆ ತುಮಕೂರಿಗೇ ಬರಬೇಕು. ಅವಸರಕ್ಕೆ ಬೇರೆ ಊರಿನ ಶಾಖೆಯಲ್ಲಿ ಚೆಕ್ ಹಾಕಿದ್ದರೂ ಲೆಕ್ಕಕ್ಕೆ ಬರುವುದು ನಿಮ್ಮ ಮೂಲ ಶಾಖೆಯೇ.

ಹೆಜ್ಜೆ 6: ದೂರಿನ ಜೊತೆ ಏನೇನಿರಬೇಕು?

ಮೂಲ ಚೆಕ್, ಮೆಮೊ, ನೋಟಿಸ್ ನಕಲು, ಅಂಚೆ ದಾಖಲೆ ಮತ್ತು ಪ್ರಮಾಣಪತ್ರ (ಅಫಿಡವಿಟ್) ಕಡ್ಡಾಯ. ಸಾಲಪತ್ರ, ಮಂಡಿ ಚೀಟಿ, ಬಿಲ್ಲು, ಪಾಸ್‌ಬುಕ್ ನಮೂದು ಇದ್ದರೆ ಜೊತೆಗಿಡಿ. ವಾಟ್ಸ್‌ಆ್ಯಪ್ ಮಾತುಕತೆಯ ಪ್ರಿಂಟು ಸಾಕ್ಷ್ಯವಾಗಬೇಕಾದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಸರ್ಟಿಫಿಕೇಟ್ ಬೇಕು. ಆ ನಮೂನೆಯಲ್ಲಿ ಎರಡು ಭಾಗವಿದೆ, ಒಂದಕ್ಕೆ ನಿಮ್ಮ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಮೂಲ ಮೆಸೇಜನ್ನು ಫೋನಿನಿಂದ ಅಳಿಸಬೇಡಿ.

2025ರ ಸೆಪ್ಟೆಂಬರ್ 25ರಂದು ಸಂಜಬಿಜ್ ತಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದೇಶದ ಎಲ್ಲ ಕೋರ್ಟುಗಳಿಗೆ ಮಾರ್ಗಸೂಚಿ ಕೊಟ್ಟಿತು. ಅದರಂತೆ ದೂರಿನ ಮೊದಲ ಪುಟದಲ್ಲೇ ಪ್ರಕರಣದ ಸಾರಾಂಶ ನಿಗದಿತ ನಮೂನೆಯಲ್ಲಿರಬೇಕು. ಸಮನ್ಸನ್ನು ಮಾಮೂಲಿ ವಿಧಾನದ ಜೊತೆಗೆ ದೂರುದಾರರೂ ಕೈಯಾರೆ ತಲುಪಿಸಬೇಕು, ಇ-ಮೇಲ್, ವಾಟ್ಸ್‌ಆ್ಯಪ್ ಮೂಲಕವೂ ಕಳಿಸಬಹುದು. ಅದಕ್ಕಾಗಿ ಎದುರಿನವರ ನಂಬರು, ಇ-ಮೇಲ್ ವಿಳಾಸವನ್ನು ಪ್ರಮಾಣಪತ್ರ ಸಹಿತ ಕೊಡಬೇಕಾಗುತ್ತದೆ. ಸುಳ್ಳು ಹೇಳಿ ಪ್ರಮಾಣ ಮಾಡಿದರೆ ಕ್ರಮ ನಿಮ್ಮ ಮೇಲೆಯೇ.

ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 223ನೇ ಕಲಂ ಪ್ರಕಾರ, ದೂರು ಪರಿಗಣಿಸುವ ಮೊದಲೇ ಆರೋಪಿಗೆ ತನ್ನ ಮಾತು ಹೇಳಿಕೊಳ್ಳಲು ಅವಕಾಶ ಕೊಡಬೇಕು. ಇದು ಚೆಕ್ ಕೇಸಿಗೂ ಬೇಕೇ ಎಂಬ ಗೊಂದಲವಿತ್ತು. ಬೇಕಿಲ್ಲ ಎಂದು ಕರ್ನಾಟಕ ಹೈಕೋರ್ಟ್ ಅಶೋಕ್ ವಿರುದ್ಧ ಫಯಾಜ್ ಅಹಮದ್ ಪ್ರಕರಣದಲ್ಲಿ ಹೇಳಿತು, ಸುಪ್ರೀಂ ಕೋರ್ಟ್ ಅದನ್ನೇ ಒಪ್ಪಿತು. ಶುರುವಿನ ಒಂದು ಸುತ್ತು ಇದರಿಂದ ಉಳಿಯುತ್ತದೆ.

ಹೆಜ್ಜೆ 7: ಮಧ್ಯಂತರ ಪರಿಹಾರ ಕೇಳಿ

ಆರೋಪಿ ತಪ್ಪೊಪ್ಪದಿದ್ದರೆ 143ಎ ಕಲಂ ಅಡಿ ಚೆಕ್ ಮೊತ್ತದ ಶೇ 20ರವರೆಗೆ ಮಧ್ಯಂತರ ಪರಿಹಾರ ಕೇಳಬಹುದು. ಆದೇಶವಾದರೆ 60 ದಿನದಲ್ಲಿ ಕಟ್ಟಬೇಕು, ಕೋರ್ಟು ಇನ್ನೂ 30 ದಿನ ಕೊಡಬಹುದು. ಇದು ತಾನಾಗಿ ಸಿಗುವ ಹಕ್ಕಲ್ಲ. ಪ್ರಕರಣದ ಹುರುಳು ನೋಡಿ ಕೋರ್ಟು ತೀರ್ಮಾನಿಸಬೇಕು ಎಂದು 2024ರ ಮಾರ್ಚ್‌ನಲ್ಲಿ ರಾಕೇಶ್ ರಂಜನ್ ಶ್ರೀವಾಸ್ತವ ತೀರ್ಪು ಸ್ಪಷ್ಟಪಡಿಸಿತು. ಅರ್ಜಿಯಲ್ಲಿ ಕಾರಣ, ದಾಖಲೆ ಗಟ್ಟಿಯಾಗಿರಲಿ.

ನಗದು ಕೈಸಾಲ ಕೊಟ್ಟಿದ್ದರೆ

20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ನಿರ್ಬಂಧವಿದೆ. ಅದನ್ನು ಮೀರಿದರೆ ತೆರಿಗೆ ದಂಡ ಬೀಳಬಹುದು, ಆದರೆ ಸಾಲ ಸುಳ್ಳಾಗುವುದಿಲ್ಲ, ಚೆಕ್ ಕೇಸು ನಡೆಯುತ್ತದೆ ಎಂದು ಸಂಜಬಿಜ್ ತಾರಿ ತೀರ್ಪು ಹೇಳಿದೆ. ಅಷ್ಟಕ್ಕೇ ನಿರಾಳವಾಗಬೇಡಿ. ನಮ್ಮ ರಾಜ್ಯದಿಂದಲೇ ಹೋದ ಎರಡು ಪ್ರಕರಣಗಳನ್ನು ಜೊತೆಗಿಟ್ಟು ನೋಡಿ. ಸಹಿ ಒಪ್ಪಿದರೆ ಸಾಲ ಇದೆಯೆಂದೇ ಕಾನೂನು ಊಹಿಸುತ್ತದೆ ಎಂದದ್ದು 2010ರ ರಂಗಪ್ಪ ಪ್ರಕರಣ. 6 ಲಕ್ಷ ಕೊಡುವ ಶಕ್ತಿ ನಿಮಗಿತ್ತೇ ಎಂದು ಆರೋಪಿ ಪ್ರಶ್ನಿಸಿದಾಗ ದೂರುದಾರ ಅದನ್ನು ತೋರಿಸಲಾಗದೆ ಸೋತದ್ದು 2019ರ ಬಸಲಿಂಗಪ್ಪ ಪ್ರಕರಣ. ಹಣ ಎಲ್ಲಿಂದ ಬಂತು ಎಂಬುದಕ್ಕೆ ಬ್ಯಾಂಕಿನಿಂದ ತೆಗೆದ ದಾಖಲೆ, ಬೆಳೆ ಮಾರಿದ ಬಿಲ್ಲು ಇಟ್ಟುಕೊಳ್ಳಿ.

ನೀವೇ ಚೆಕ್ ಕೊಟ್ಟವರಾಗಿದ್ದರೆ

ನೋಟಿಸ್ ತಿರಸ್ಕರಿಸಿ ಫಲವಿಲ್ಲ. 15 ದಿನದೊಳಗೆ ಕಟ್ಟಿದರೆ ಅಪರಾಧವೇ ಆಗುವುದಿಲ್ಲ. ಸಾಲ ತೀರಿದ್ದರೆ ದಾಖಲೆ ಸಮೇತ ಉತ್ತರ ಕಳಿಸಿ. ‘ಖಾಲಿ ಚೆಕ್ಕಿಗೆ ಸಹಿ ಹಾಕಿದ್ದೆ ಅಷ್ಟೇ’ ಎಂಬ ಮಾತೊಂದರಿಂದಲೇ ಪಾರಾಗಲಾಗದು ಎಂದು 2019ರ ಬೀರ್ ಸಿಂಗ್ ತೀರ್ಪಿದೆ.

ಸಂಜಬಿಜ್ ತಾರಿ ತೀರ್ಪಿನ ಬಳಿಕ ರಾಜಿಯ ಖರ್ಚು ಇಳಿದಿದೆ. ಆರೋಪಿ ಪರ ಸಾಕ್ಷ್ಯ ದಾಖಲಾಗುವ ಮೊದಲು ಪೂರ್ತಿ ಹಣ ಕಟ್ಟಿದರೆ ಹೆಚ್ಚುವರಿ ಏನೂ ಇಲ್ಲ. ಆಮೇಲೆ, ತೀರ್ಪಿಗೆ ಮುನ್ನವಾದರೆ ಚೆಕ್ ಮೊತ್ತದ ಶೇ 5 ಹೆಚ್ಚುವರಿ, ಸೆಷನ್ಸ್ ಅಥವಾ ಹೈಕೋರ್ಟಿನಲ್ಲಿ ಶೇ 7.5, ಸುಪ್ರೀಂ ಕೋರ್ಟಿನಲ್ಲಿ ಶೇ 10. 2010ರ ದಾಮೋದರ್ ಪ್ರಭು ತೀರ್ಪಿನಲ್ಲಿ ಇದು ಕ್ರಮವಾಗಿ ಶೇ 10, 15, 20 ಇತ್ತು. ಜಿಲ್ಲಾ ಕೋರ್ಟುಗಳಲ್ಲಿ ಕ್ಯುಆರ್ ಕೋಡ್, ಯುಪಿಐ ಮೂಲಕ ಶುರುವಿನಲ್ಲೇ ಹಣ ಕಟ್ಟುವ ವ್ಯವಸ್ಥೆ ಮಾಡಬೇಕೆಂದೂ ಸುಪ್ರೀಂ ಕೋರ್ಟ್ ಹೇಳಿದೆ.

ದಿನ ಮೀರಿದ್ದರೆ, ವಕೀಲರ ಖರ್ಚು ಭಾರವಾದರೆ

ನೋಟಿಸಿನ ಗಡುವು ತಪ್ಪಿದ್ದರೂ ಚೆಕ್ಕಿನ ಮೂರು ತಿಂಗಳು ಮುಗಿದಿಲ್ಲವಾದರೆ ಮತ್ತೊಮ್ಮೆ ಬ್ಯಾಂಕಿಗೆ ಹಾಕಿ, ಹೊಸ ಮೆಮೊದಿಂದ ಲೆಕ್ಕ ಶುರು ಮಾಡಬಹುದು. ಅದೂ ಮುಗಿದಿದ್ದರೆ ಉಳಿಯುವುದು ಸಿವಿಲ್ ದಾವೆ. ಅದಕ್ಕೆ ಸಾಮಾನ್ಯವಾಗಿ ಮೂರು ವರ್ಷದ ಮಿತಿಯಿದೆ.

ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ತುಮಕೂರಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು, ಗುಬ್ಬಿ, ಕುಣಿಗಲ್‌ಗಳಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ. ಸಹಾಯವಾಣಿ 15100. ರಾಜಿಗೆ ಇಬ್ಬರೂ ಸಿದ್ಧರಿದ್ದರೆ ಲೋಕ ಅದಾಲತ್‌ನಲ್ಲಿ ಮುಗಿಸಿಕೊಳ್ಳಿ. ಅಲ್ಲಿನ ಆದೇಶದ ಮೇಲೆ ಮೇಲ್ಮನವಿ ಇಲ್ಲ, ಒಪ್ಪಿದ ಹಣ ಬಾರದಿದ್ದರೆ ಸಿವಿಲ್ ಡಿಕ್ರಿಯಂತೆ ಜಾರಿ ಮಾಡಿಸಬಹುದು. ರಾಜಿಪತ್ರದಲ್ಲಿ ಕಂತಿನ ಮೊತ್ತ, ಕಟ್ಟುವ ದಿನ, ತಪ್ಪಿದರೆ ಏನು ಎಂಬ ಮೂರನ್ನೂ ಬರೆಸಿದ ಮೇಲೆಯೇ ಸಹಿ ಹಾಕಿ.