ವೀಸಾ ಬರೀ ಮುದ್ರೆಯಲ್ಲ, ಒಪ್ಪಂದ

ಎಂಬಿಬಿಎಸ್ ಮುಗಿಸಿ ಅಮೆರಿಕದಲ್ಲಿ ರೆಸಿಡೆನ್ಸಿ ಮಾಡಬೇಕೆಂದು ನಮ್ಮ ಕಾಲೇಜಿನ ವಿಜ್ಞಾನ ವಿಭಾಗದ ಗೆಳೆಯರು ಮಾತಾಡುವುದನ್ನು ಕೇಳಿದ್ದೇನೆ. ನಾನು ಕಾಮರ್ಸ್ ವಿದ್ಯಾರ್ಥಿನಿ. ಆದರೂ ಈ ವಿಷಯ ಬರೆಯಲು ಕಾರಣವಿದೆ. ನನ್ನ ದೊಡ್ಡಪ್ಪನ ಮಗಳು, ನಮ್ಮ ಆಪಾ, ಅದಕ್ಕೆ ತಯಾರಿ ನಡೆಸಿದ್ದಾರೆ. ಅವರ ಕಾಗದಪತ್ರಗಳನ್ನು ಜೋಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದರಿಂದ ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತೇನೆ.

ರೆಸಿಡೆನ್ಸಿ ಎಂದರೆ ನಮ್ಮ ಎಂಡಿ, ಎಂಎಸ್ ಇದ್ದ ಹಾಗೆ. ಆಸ್ಪತ್ರೆಯಲ್ಲಿ ಸಂಬಳ ಪಡೆಯುತ್ತ ಕಲಿಯುವುದು. ಹೊರದೇಶದಲ್ಲಿ ಓದಿದ ವೈದ್ಯರಿಗೆ ಮೊದಲು ಇಸಿಎಫ್‌ಎಂಜಿ ಸಂಸ್ಥೆಯ ಪ್ರಮಾಣಪತ್ರ ಬೇಕು. ಈ ಸಂಸ್ಥೆ 1956ರಲ್ಲಿ ಆರಂಭವಾಯಿತು. ಯಾರಿಗೆ ಯಾವ ಆಸ್ಪತ್ರೆ ಎಂಬುದು ಮಾರ್ಚ್ ತಿಂಗಳ ಮೂರನೆಯ ಶುಕ್ರವಾರ, 'ಮ್ಯಾಚ್' ಫಲಿತಾಂಶದಲ್ಲಿ ತಿಳಿಯುತ್ತದೆ. ಬಹುತೇಕ ಕಡೆ ಜುಲೈ 1ಕ್ಕೆ ಕೆಲಸ ಆರಂಭ. ನಡುವೆ ಸಿಗುವುದು ನೂರಕ್ಕಿಂತ ಸ್ವಲ್ಪ ಹೆಚ್ಚು ದಿನ. ವೀಸಾ ಅಷ್ಟರೊಳಗೆ ಆಗಬೇಕು.

ಮುಖ್ಯವಾಗಿ ಎರಡು ದಾರಿಗಳಿವೆ.

1. ಜೆ-1 ವೀಸಾ: ಇದರ ಪ್ರಾಯೋಜಕರು ಆಸ್ಪತ್ರೆಯಲ್ಲ, ಇಸಿಎಫ್‌ಎಂಜಿ. ವೈದ್ಯರು ಮತ್ತು ಆಸ್ಪತ್ರೆ ಇಬ್ಬರೂ ಅರ್ಜಿ ಹಾಕಬೇಕು. ಆಸ್ಪತ್ರೆಯ ಕರಾರುಪತ್ರದ ಜೊತೆ ನಮ್ಮ ಕೇಂದ್ರ ಆರೋಗ್ಯ ಸಚಿವಾಲಯದಿಂದ 'ಸ್ಟೇಟ್‌ಮೆಂಟ್ ಆಫ್ ನೀಡ್' ಎಂಬ ಪತ್ರ ತರಬೇಕು. ಆಮೇಲೆ ಡಿಎಸ್-2019 ಎಂಬ ದಾಖಲೆ ಸಿಗುತ್ತದೆ. ಅದನ್ನು ಪ್ರತಿ ವರ್ಷ ನವೀಕರಿಸಬೇಕು. ನಂತರ ಸೆವಿಸ್ ಶುಲ್ಕ 220 ಡಾಲರ್, ವೀಸಾ ಅರ್ಜಿ ಶುಲ್ಕ 185 ಡಾಲರ್ ಕಟ್ಟಿ ಸಂದರ್ಶನಕ್ಕೆ ಹೋಗಬೇಕು. ಕರ್ನಾಟಕದವರು ಹೆಚ್ಚಾಗಿ ಚೆನ್ನೈ ಅಥವಾ ಹೈದರಾಬಾದಿಗೆ ಹೋಗುತ್ತಾರೆ.

2. ಎಚ್-1ಬಿ ವೀಸಾ: ಇದಕ್ಕೆ ಅರ್ಜಿ ಹಾಕುವುದು ಆಸ್ಪತ್ರೆಯೇ. ವೈದ್ಯರು ಅದಕ್ಕೂ ಮೊದಲೇ ಯುಎಸ್‌ಎಂಎಲ್‌ಇ ಸ್ಟೆಪ್ 3 ಪಾಸಾಗಿರಬೇಕು. ಸಾಮಾನ್ಯ ಮಿತಿ 6 ವರ್ಷ. ಎಲ್ಲ ಆಸ್ಪತ್ರೆಗಳೂ ಇದನ್ನು ಕೊಡುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷರು ಹೊರದೇಶದಲ್ಲಿರುವವರ ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಪಾವತಿ ವಿಧಿಸಿ ಆದೇಶ ಹೊರಡಿಸಿದ ಮೇಲೆ ಈ ದಾರಿ ಇನ್ನೂ ಕಿರಿದಾಯಿತು.

'ಹೋಗುವುದು ಮುಖ್ಯ, ಯಾವ ವೀಸಾ ಆದರೇನು ಬೇಟಾ?' ಎಂದು ನಮ್ಮ ದೊಡ್ಡಪ್ಪ ಕೇಳುತ್ತಾರೆ. ವ್ಯತ್ಯಾಸ ಷರತ್ತಿನಲ್ಲಿದೆ. ಜೆ-1ರಲ್ಲಿ ತರಬೇತಿ ಪಡೆದ ವೈದ್ಯರು ಅದು ಮುಗಿದ ಮೇಲೆ 2 ವರ್ಷ ಸ್ವದೇಶದಲ್ಲಿರಬೇಕು. ಅಲ್ಲಿಯವರೆಗೆ ಎಚ್-1ಬಿಯೂ ಇಲ್ಲ, ಗ್ರೀನ್ ಕಾರ್ಡೂ ಇಲ್ಲ. 'ಈ ವಿಷಯದ ತಜ್ಞರು ನಮಗೆ ಬೇಕಾಗಿದ್ದಾರೆ, ಇವರು ಮರಳಿ ಬರುವುದಾಗಿ ಬರೆದುಕೊಟ್ಟಿದ್ದಾರೆ' ಎಂಬುದೇ ಆರೋಗ್ಯ ಸಚಿವಾಲಯದ ಆ ಪತ್ರದ ತಿರುಳು. ಅಂದರೆ ಹೋಗುವ ಮೊದಲೇ ವೈದ್ಯರು ದೇಶಕ್ಕೆ ಲಿಖಿತ ಮಾತು ಕೊಟ್ಟಿರುತ್ತಾರೆ. ಅಕೌಂಟೆನ್ಸಿ ಭಾಷೆಯಲ್ಲಿ ಹೇಳುವುದಾದರೆ, ಅದು ಮುಂದೆ ತೀರಿಸಬೇಕಾದ ಹೊಣೆ.

ವಿನಾಯಿತಿಯೂ ಉಂಟು. 1994ರಲ್ಲಿ ಜಾರಿಗೆ ಬಂದ, ಈಗ 'ಕಾನ್ರಾಡ್ 30' ಎಂದು ಕರೆಯುವ ಯೋಜನೆಯಲ್ಲಿ ಅಮೆರಿಕದ ಪ್ರತಿ ರಾಜ್ಯ ವರ್ಷಕ್ಕೆ 30 ವೈದ್ಯರಿಗೆ ವಿನಾಯಿತಿ ಕೊಡಿಸಬಹುದು. ಅವರು ಹೆಚ್ಚಾಗಿ ವೈದ್ಯರ ಕೊರತೆಯಿರುವ ಊರುಗಳಲ್ಲಿ 3 ವರ್ಷ ದುಡಿಯಬೇಕು. ಅಲ್ಲಿಯ ಹಳ್ಳಿಗಳಿಗೂ ವೈದ್ಯರು ಬೇಕು, ನಮ್ಮ ಜಿಲ್ಲೆಗಳಿಗೂ ಬೇಕು. ಯಾರ ಕೊರತೆ ಮೊದಲು ತುಂಬಬೇಕು ಎಂಬ ಪ್ರಶ್ನೆಗೆ ಫಾರಂನಲ್ಲಿ ಉತ್ತರವಿಲ್ಲ. ಆಪಾ ಇನ್ನೂ ಯೋಚಿಸುತ್ತಿದ್ದಾರೆ.

ಸಮಯದ ಬಗ್ಗೆಯೂ ಎಚ್ಚರ ಬೇಕು. 2025ರ ಮೇ ಕೊನೆಯಿಂದ ಜೂನ್ ಮಧ್ಯದವರೆಗೆ ಜೆ-1 ಸಂದರ್ಶನಕ್ಕೆ ಹೊಸ ದಿನಾಂಕ ಕೊಡುವುದನ್ನೇ ಅಮೆರಿಕ ನಿಲ್ಲಿಸಿತ್ತು. ಆದ್ದರಿಂದ ಮ್ಯಾಚ್ ಆದ ವಾರವೇ ಕೆಲಸ ಶುರುವಾಗಬೇಕು. ಪಾಸ್‌ಪೋರ್ಟ್, ಅಂಕಪಟ್ಟಿ, ಪದವಿ ಪತ್ರಗಳಲ್ಲಿ ಹೆಸರು ಒಂದೇ ರೀತಿ ಇರಲಿ. ನಮ್ಮ ಮನೆಗಳಲ್ಲಿ ಉರ್ದು ಹೆಸರನ್ನು ಇಂಗ್ಲಿಷಿನಲ್ಲಿ ಎರಡು ಮೂರು ರೀತಿ ಬರೆಯುವುದುಂಟು. ಗೆಳೆಯರೇ, ಅದನ್ನು ಪಿಯುಸಿಯಲ್ಲಿರುವಾಗಲೇ ನೋಡಿಕೊಳ್ಳಿ.

ಸಹಿ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿ: ಪ್ರಾಯೋಜಕರು ಯಾರು? ಅವಧಿ ಎಷ್ಟು? ಮುಗಿದ ಮೇಲೆ ನನ್ನ ಮೇಲಿರುವ ಹೊಣೆ ಏನು? ಯಾವ ಒಪ್ಪಂದಕ್ಕಾದರೂ ಇವೇ ಪ್ರಶ್ನೆಗಳು.