ಎಂ.ಎಸ್. ಪಾಳ್ಯದ ಸಿಂಗಾಪುರದಿಂದ ಆ ಸಿಂಗಾಪುರಕ್ಕೆ: ಹಾಸ್ಟೆಲ್‌ನಲ್ಲಿ ಗೆಲ್ಲುವ ಸೂತ್ರಗಳು

ಇಂಟರ್‌ವ್ಯೂ, ಟ್ರೈನಿಂಗ್, ಕಾನ್ಫರೆನ್ಸ್, ಕಾರಣ ಯಾವುದಾದರೂ ಇರಲಿ. ವೀಸಾ ಕೈಗೆ ಬಂದಿದೆ, ಹೋಟೆಲ್ ಖರ್ಚು ಮಾತ್ರ ನಿಮ್ಮದೇ. ಯೋಚನೆ ಬೇಡ, ಹಾಸ್ಟೆಲ್ ಬುಕ್ ಮಾಡಿ. ಬೆಂಗಳೂರಿನ ವಿದ್ಯಾರಣ್ಯಪುರದ ಆಚೆ, ನಮ್ಮ ಸಿಂಗಾಪುರದ ತ್ರೀ ಶೇರಿಂಗ್ ಪಿಜಿಯಲ್ಲಿ ಬಾತ್‌ರೂಮಿಗೆ ಕ್ಯೂ ನಿಂತವರಿಗೆ ಅರ್ಧ ಟ್ರೈನಿಂಗ್ ಆಗಲೇ ಮುಗಿದಿದೆ. ಉಳಿದರ್ಧ ಇಲ್ಲಿದೆ.

1. ರೇಟ್ ನೋಡುವ ಮೊದಲು ಮ್ಯಾಪ್ ನೋಡಿ.
ಲಿಟಲ್ ಇಂಡಿಯಾ, ಜಲಾನ್ ಬೆಸಾರ್, ಲ್ಯಾವೆಂಡರ್, ಚೈನಾಟೌನ್: ಹುಡುಕಾಟ ಇಷ್ಟರೊಳಗೇ ಇರಲಿ. ಚಾಂಗಿ ಏರ್‌ಪೋರ್ಟಿನಿಂದ ಮೆಟ್ರೋ ಹತ್ತಿ, ಮುಂದಿನ ಸ್ಟೇಷನ್ ಎಕ್ಸ್‌ಪೋದಲ್ಲಿ ಡೌನ್‌ಟೌನ್ ಲೈನಿಗೆ ಬದಲಿಸಿ. ಜಲಾನ್ ಬೆಸಾರ್, ಚೈನಾಟೌನ್ ಎರಡೂ ಅದೇ ಲೈನಿನಲ್ಲಿವೆ. ಮೆಟ್ರೋದಿಂದ ದೂರದ ಹಾಸ್ಟೆಲ್‌ನಲ್ಲಿ ಉಳಿಸಿದ ದುಡ್ಡು ಟ್ಯಾಕ್ಸಿಗೆ ಹೋಗುತ್ತದೆ, ಟೈಮ್ ಅಂತೂ ವಾಪಸ್ ಬರುವುದಿಲ್ಲ.

2. ಡೇಟ್ ನಿಮ್ಮ ಕೈಯಲ್ಲಿದ್ದರೆ ಜಾಣತನ ತೋರಿಸಿ.
ಫಾರ್ಮುಲಾ ಒನ್ ರೇಸ್ ವಾರ ಮತ್ತು ಚೀನೀ ಹೊಸ ವರ್ಷ ತಪ್ಪಿಸಿ. ಆಗ ಡಾರ್ಮಿಟರಿ ಬೆಡ್ಡಿಗೂ ಹೋಟೆಲ್ ಗತ್ತು ಬರುತ್ತದೆ.

3. ಬ್ಯಾಗನ್ನು ಅಮ್ಮನ ಕೈಗೆ ಬಿಡಬೇಡಿ.
ಪ್ರೀತಿ ಬೇರೆ, ಕಸ್ಟಮ್ಸ್ ಬೇರೆ. ಗಸಗಸೆ ಅಲ್ಲಿ ನಿಷೇಧಿತ ವಸ್ತು. ಗುಟ್ಕಾ, ಜಗಿಯುವ ತಂಬಾಕು, ವೇಪ್ ಎಲ್ಲಕ್ಕೂ ಬ್ಯಾನ್ ಇದೆ. ಚ್ಯೂಯಿಂಗ್ ಗಮ್ ಅಂತೂ 1992ರಿಂದಲೇ ಬಂದ್. ಚಟ್ನಿಪುಡಿ, ಗೊಜ್ಜವಲಕ್ಕಿ ಧಾರಾಳವಾಗಿ ಹಾಕಿಕೊಳ್ಳಿ, ಆದರೆ ಪುಡಿಯಲ್ಲಿ ಗಸಗಸೆ ಬಿದ್ದಿಲ್ಲವೇ ಎಂದು ಮನೆಯಲ್ಲಿ ಕೇಳಿಯೇ ಡಬ್ಬಿ ಮುಚ್ಚಿ. ಜೊತೆಗೆ ಲಾಕರಿಗೆ ಸ್ವಂತ ಬೀಗ, ಬಾತ್‌ರೂಮಿಗೆ ಹವಾಯಿ ಚಪ್ಪಲಿ, ಚೌಕ ಮೂರು ಪಿನ್ನಿನ ಅಡಾಪ್ಟರ್ ಇರಲಿ. ನಮ್ಮ ದುಂಡು ಪಿನ್ ಅಲ್ಲಿನ ಸಾಕೆಟ್ಟಿಗೆ ಕೂರುವುದಿಲ್ಲ.

ಅರೈವಲ್ ಕಾರ್ಡನ್ನು ಲ್ಯಾಂಡಿಂಗಿಗೆ ಮುಂಚಿನ ಮೂರು ದಿನಗಳ ಒಳಗೆ, ಸರ್ಕಾರಿ ವೆಬ್‌ಸೈಟಿನಲ್ಲೇ ತುಂಬಿ. ಅದು ಉಚಿತ. ದುಡ್ಡು ಕೇಳಿದರೆ ನೀವು ತಪ್ಪು ಸೈಟಿನಲ್ಲಿದ್ದೀರಿ.

4. ಮೊದಲ ಬೆಳಗ್ಗೆಯನ್ನು ಪ್ಲಾನ್ ಮಾಡಿ.
ನಾಲ್ಕೂವರೆ ಗಂಟೆಯ ಹಾರಾಟ, ಗಡಿಯಾರ ಎರಡೂವರೆ ಗಂಟೆ ಮುಂದೆ. ರಾತ್ರಿ ಹೊರಟವರು ಅರೆನಿದ್ದೆಯಲ್ಲಿ ಬೆಳಗ್ಗೆ ಇಳಿಯುತ್ತಾರೆ, ಹಾಸ್ಟೆಲ್ ಚೆಕ್-ಇನ್ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ. ಬ್ಯಾಗ್ ಇಟ್ಟುಕೊಳ್ಳುತ್ತೀರಾ, ಸ್ನಾನಕ್ಕೆ ಬಿಡುತ್ತೀರಾ ಎಂದು ಮುಂಚೆಯೇ ಮೆಸೇಜ್ ಹಾಕಿ. ಇಸ್ತ್ರಿ ಮಾಡಿದ ಒಂದು ಜೊತೆ ಬಟ್ಟೆ ಕ್ಯಾಬಿನ್ ಬ್ಯಾಗಿನಲ್ಲೇ ಇರಲಿ. ಇಂಟರ್‌ವ್ಯೂ ಅದೇ ದಿನ ಇದ್ದರೆ ಒಂದು ದಿನ ಮೊದಲೇ ಹೊರಡಿ. ಆ ಒಂದು ರಾತ್ರಿಯ ಬಾಡಿಗೆ ಖರ್ಚಲ್ಲ, ಇನ್ವೆಸ್ಟ್‌ಮೆಂಟ್.

5. ನಿದ್ದೆ ಬಿಟ್ಟುಕೊಡಬೇಡಿ.
ಬಾಗಿಲಿನಿಂದ ದೂರದ, ಕರ್ಟನ್ ಇರುವ ಕೆಳಗಿನ ಬೆಡ್ ಕೇಳಿ ಪಡೆಯಿರಿ. ಕೇಳದವರಿಗೆ ಏಣಿಯೇ ಗತಿ. ಇಯರ್‌ಪ್ಲಗ್ ಹಾಕಿ: ಗೊರಕೆಗೆ ದೇಶಭಾಷೆಯ ಭೇದವಿಲ್ಲ. ನಾಳೆಯ ಬಟ್ಟೆ, ಫೈಲು, ಚಾರ್ಜರ್ ರಾತ್ರಿಯೇ ತೆಗೆದಿಡಿ. ಬೆಳಗಿನ ಜಾವ ಪ್ಲಾಸ್ಟಿಕ್ ಕವರ್ ಪರಪರ ಅನ್ನಿಸುವವರನ್ನು ಇಡೀ ರೂಮು ಮನಸ್ಸಿನಲ್ಲೇ ಬೈಯುತ್ತದೆ. ಫೋನ್ ಮಾತು ಕಾರಿಡಾರಿನಲ್ಲಿ, ಅಲಾರಂ ವೈಬ್ರೇಟಿನಲ್ಲಿ.

6. ಹಾಕರ್ ಸೆಂಟರಿನಲ್ಲಿ ಉಣ್ಣಿ.
ರೆಸ್ಟೋರೆಂಟ್ ಬಿಲ್ಲಿನ ಮೇಲೆ ಶೇ 9 ಜಿಎಸ್‌ಟಿ, ಹಲವು ಕಡೆ ಶೇ 10 ಸರ್ವಿಸ್ ಚಾರ್ಜ್ ಕೂರುತ್ತದೆ. ಹಾಕರ್ ಸೆಂಟರ್ ಅಂದರೆ ಒಂದೇ ಸೂರಿನಡಿ ಸಾಲು ತಿಂಡಿ ಅಂಗಡಿಗಳು, ಅಲ್ಲಿ ಬೋರ್ಡಿನ ರೇಟೇ ರೇಟು. ಖಾಲಿ ಟೇಬಲ್ ಮೇಲೆ ಒಂದು ಟಿಶ್ಯೂ ಪ್ಯಾಕೆಟ್ ಕಂಡರೆ ಅದು ಯಾರೋ ಮರೆತದ್ದಲ್ಲ, ರಿಸರ್ವೇಷನ್! ನಮ್ಮ ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಉಂಡ ಟ್ರೇ ನೀವೇ ವಾಪಸ್ ಇಡಿ, 2021ರಿಂದ ಅದು ಕಡ್ಡಾಯ. ಸಸ್ಯಾಹಾರಿಗಳು ಟೆಕ್ಕಾ ಸೆಂಟರ್ ನೋಡಿ. ಸೆರಂಗೂನ್ ರಸ್ತೆಯ ಕೋಮಳ ವಿಲಾಸ್ 1947ರಿಂದ ದೋಸೆ ಹಾಕುತ್ತಿದೆ. ನಲ್ಲಿ ನೀರು ಕುಡಿಯಿರಿ, ಬಾಟಲಿಗೆ ದುಡ್ಡು ಸುರಿಯಬೇಡಿ. ಮೆಟ್ರೋ ಒಳಗೆ ಮಾತ್ರ ಗುಟುಕು ನೀರೂ ಬೇಡ, 500 ಡಾಲರ್‌ವರೆಗೆ ದಂಡವಿದೆ.

7. ಕಾಮನ್ ರೂಮಿನಲ್ಲಿ ಕೂತು ಮಾತಾಡಿ.
‘ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ’ ಅನ್ನುವುದು ಬರೀ ಅಭ್ಯಾಸ, ಬಿಟ್ಟುಬಿಡಿ. ಸಿಂಗಾಪುರದವರೇ ಪೂರ್ತಿ ವಾಕ್ಯಕ್ಕೆ ಕಾಯುವುದಿಲ್ಲ, ‘ಕ್ಯಾನ್, ಕ್ಯಾನ್’ ಅಂದರೆ ಕೆಲಸ ಆಯಿತು. ಎದುರಿನ ಸೋಫಾದಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿರುವವರೂ ನಿಮ್ಮ ಹಾಗೆ ಅವಕಾಶ ಹುಡುಕಿಯೇ ಬಂದಿರಬಹುದು. ಹೆಸರು ಹೇಳಿ, ಕೆಲಸ ಹೇಳಿ, ಲಿಂಕ್ಡ್‌ಇನ್‌ನಲ್ಲಿ ಸೇರಿಸಿಕೊಳ್ಳಿ. ಹೊರಡುವ ಮುಂಚೆ ಸಿಂಗಾಪುರದ ಕನ್ನಡ ಸಂಘಕ್ಕೂ ಒಂದು ಇ-ಮೇಲ್ ಬರೆಯಿರಿ. ಅಲ್ಲಿನ ಆಫೀಸುಗಳ ಒಳಗುಟ್ಟು ಗೂಗಲ್‌ಗಿಂತ ಅಲ್ಲೇ ನೆಲೆಸಿದ ಕನ್ನಡಿಗರಿಗೆ ಚೆನ್ನಾಗಿ ಗೊತ್ತು.

8. ಕೊನೆಯ ದಿನ ಹಾಳು ಮಾಡಬೇಡಿ.
ಬೆಳಗ್ಗೆ ಚೆಕ್-ಔಟ್, ರಾತ್ರಿ ಫ್ಲೈಟ್: ನಡುವೆ ಇಡೀ ಹಗಲು ನಿಮ್ಮದು. ಬ್ಯಾಗನ್ನು ರಿಸೆಪ್ಷನ್‌ನಲ್ಲಿ ಬಿಡಿ, ಭೇಟಿಯಾದವರಿಗೆ ಥ್ಯಾಂಕ್ಯೂ ಮೇಲ್ ಅವತ್ತೇ ಕಳಿಸಿ. ಮುಸ್ತಫಾ ಸೆಂಟರಿನಲ್ಲಿ ಮನೆಯವರಿಗೆ ಚಾಕೊಲೇಟ್ ತೆಗೆದುಕೊಳ್ಳಿ, ಬ್ಯಾಗೇಜ್ ತೂಕ ಮಾತ್ರ ಮೀರಬೇಡಿ.