ತಂಡ, ಸಂಘ, ಗ್ಯಾಂಗು: ಸ್ಪ್ಯಾನಿಷ್‌ನಲ್ಲಿ ಯಾವುದಕ್ಕೆ ಏನಂತಾರೆ?

ಕ್ರಿಕೆಟ್ ಆಡೋರದ್ದು ತಂಡ, ಕಾರ್ಮಿಕರದ್ದು ಸಂಘ, ರಾಜಕಾರಣಿಗಳದ್ದು ಪಕ್ಷ, ಗೆಳೆಯರದ್ದು ಬಳಗ. ಇವನ್ನ ಅದಲು ಬದಲು ಮಾಡಿದ್ರೆ ಕೇಳೋರು ನಗ್ತಾರೆ. ಸ್ಪ್ಯಾನಿಷ್‌ನಲ್ಲೂ ಹಾಗೇ. ಆದರೆ ನಾವು ಅದನ್ನು ಇಂಗ್ಲಿಷ್ ಮೂಲಕ ಕಲಿಯೋದ್ರಿಂದ, ಇಂಗ್ಲಿಷ್ ಥರ ಕೇಳಿಸೋ ಪದಕ್ಕೇ ಕೈ ಹಾಕ್ತೀವಿ. ಅದರ ಬದಲು ಒಂದು ಪ್ರಶ್ನೆ ಕೇಳ್ಕೊಳ್ಳೋಣ: ಈ ಜನ ಯಾಕೆ ಸೇರಿದ್ದಾರೆ?

1. ಕಾರಣ ಹೇಳಬೇಕಿಲ್ಲ ಅಂದ್ರೆ 'ಗ್ರುಪೊ'. ಎಲ್ಲೆಡೆ ನಡೆಯುತ್ತೆ.

2. ಒಟ್ಟಿಗೆ ಆಡೋಕೆ, ಪ್ರಾಜೆಕ್ಟ್ ಮಾಡೋಕೆ ಸೇರಿದ್ರೆ 'ಎಕಿಪೊ'. ಲ್ಯಾಬ್‌ನಲ್ಲಿರೋ ಉಪಕರಣಕ್ಕೂ ಇದೇ ಪದ, ಸಂದರ್ಭ ನೋಡಿ ಅರ್ಥ ಮಾಡ್ಕೋಬೇಕು.

3. ಲಾಭದ ಆಸೆಯಿಲ್ಲದೆ ಕಟ್ಟಿದ ಸಂಘ 'ಅಸೊಸಿಯಾಸಿಯೋನ್'. ಸ್ಪೇನಿನಲ್ಲಿ ಇದಕ್ಕೆ ಕನಿಷ್ಠ ಮೂವರು ಬೇಕು.

4. ವ್ಯಾಪಾರಕ್ಕಾದ್ರೆ 'ಎಂಪ್ರೆಸಾ'. ನೀವು ಕೆಲಸ ಮಾಡೋ ಕಂಪನಿಗೆ ಸಾಮಾನ್ಯವಾಗಿ ಬಳಸೋ ಪದ ಇದು. 'ಕೊಂಪನ್ಯೀಯಾ' ಅಂತಲೂ ಅನ್ನಬಹುದು, ನಾಟಕ ತಂಡಕ್ಕೂ ಅದೇ ಪದ. ನಮ್ಮ ಗುಬ್ಬಿ ಕಂಪನಿ ನೆನಪಿಸಿಕೊಳ್ಳಿ, ಮರೆಯೋದೇ ಇಲ್ಲ.

'ಸೊಸಿಯೆದಾದ್' ವಿಷಯದಲ್ಲಿ ಸ್ವಲ್ಪ ಎಚ್ಚರ. ನಮ್ಮಲ್ಲಿ ಸಂಘಗಳು ಸೊಸೈಟಿ ಅಂತ ನೋಂದಣಿಯಾಗ್ತವೆ. ಸ್ಪೇನಿನಲ್ಲಿ 'ಸೊಸಿಯೆದಾದ್ ಅನೋನಿಮಾ' ಅಂದ್ರೆ ಷೇರುದಾರರಿರೋ ಕಂಪನಿ, ಹೆಸರಿನ ಕೊನೆಯಲ್ಲಿ ಎಸ್.ಎ. ಅಂತ ಬರೋದು ಅದಕ್ಕೇ. ಇಡೀ ಸಮಾಜಕ್ಕೂ ಸೊಸಿಯೆದಾದ್ ಅಂತಾರೆ.

5. ಹಕ್ಕಿಗಾಗಿ ಸೇರಿದ ಕಾರ್ಮಿಕರದ್ದು 'ಸಿಂದಿಕಾತೊ'. ನಮ್ಮ ವಿಶ್ವವಿದ್ಯಾಲಯಗಳ ಸಿಂಡಿಕೇಟ್‌ಗೂ ಇದಕ್ಕೂ ಸಂಬಂಧ ಕಲ್ಪಿಸ್ಬೇಡಿ. 1888ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿದ ಯುಜಿಟಿ ಒಂದು ಸಿಂದಿಕಾತೊ.

6. ರಾಜಕೀಯ ಪಕ್ಷ 'ಪಾರ್ತಿದೊ'. ಫುಟ್‌ಬಾಲ್ ಪಂದ್ಯವೂ ಪಾರ್ತಿದೊ! ಬರ್ತ್‌ಡೇ ಪಾರ್ಟಿ ಮಾತ್ರ 'ಫಿಯೆಸ್ತಾ'.

ಇನ್ನು ನಮ್ಮ ಗ್ಯಾಂಗು. ನಾವು 'ನಮ್ ಗ್ಯಾಂಗ್' ಅಂತ ಪ್ರೀತಿಯಿಂದ ಅಂತೀವಲ್ಲ, ಸ್ಪೇನಿನಲ್ಲಿ ಗೆಳೆಯರ ಗುಂಪಿಗೆ 'ಪಾಂದೀಯಾ' ಅನ್ನೋದುಂಟು. ಎಲ್ ಸಾಲ್ವಡಾರ್‌ನಲ್ಲಿ ಅದೇ ಪದಕ್ಕೆ ಸುಲಿಗೆ, ಕೊಲೆ ಮಾಡೋ ಗ್ಯಾಂಗ್ ಅಂತ ಅರ್ಥ. ಅಲ್ಲಿ 2022ರ ಮಾರ್ಚ್‌ನಲ್ಲಿ ತುರ್ತು ಪರಿಸ್ಥಿತಿ ಹೇರಿದ ಮೇಲೆ, ಇಂಥ ಗ್ಯಾಂಗ್‌ಗಳಿಗೆ ಸೇರಿದವರು ಅನ್ನೋ ಆರೋಪದಲ್ಲಿ ಹತ್ತಾರು ಸಾವಿರ ಜನರನ್ನು ಬಂಧಿಸಿದ್ದಾರೆ. ಅಂಥ ಕಡೆ 'ನಾನು ಪಾಂದೀಯಾದವನು' ಅನ್ನೋದು ತಮಾಷೆಯ ಮಾತಲ್ಲ. 'ಗ್ರುಪೊ ದೆ ಅಮೀಗೊಸ್' ಅಂದ್ರೆ ಯಾವ ದೇಶದಲ್ಲೂ ತೊಂದರೆ ಇಲ್ಲ. 'ಬಾಂದಾ' ಕೂಡ ಹೀಗೇ: ಸಂಗೀತದ ಬ್ಯಾಂಡೂ ಹೌದು, ಕಳ್ಳರ ಗುಂಪೂ ಹೌದು.

ಕೊನೆಗೊಂದು ವ್ಯಾಕರಣ. ನಾವು 'ಜನ ಹೇಳ್ತಾರೆ' ಅಂತೀವಿ, ಬಹುವಚನ. ಸ್ಪ್ಯಾನಿಷ್‌ನಲ್ಲಿ ಜನ ಅಂದ್ರೆ 'ಹೆಂತೆ', ಅದು ಏಕವಚನ: 'ಲಾ ಹೆಂತೆ ದೀಸೆ'. 'ದೀಸೆನ್' ಅಲ್ಲ. ಗ್ರುಪೊ, ಎಕಿಪೊಗಳಿಗೂ ಸಾಮಾನ್ಯವಾಗಿ ಇದೇ ನಿಯಮ.

ಈಗ ನೀವು ಹೇಳಿ: ನಮ್ಮ ಕನ್ನಡ ಸಂಘ ಯಾವುದು? ಹ್ಯಾಕಥಾನ್‌ಗೆ ಹೋಗೋ ನಾಲ್ವರು? ಪ್ಲೇಸ್‌ಮೆಂಟ್‌ಗೆ ಬರೋ ಕಂಪನಿ? ಅಸೊಸಿಯಾಸಿಯೋನ್, ಎಕಿಪೊ, ಎಂಪ್ರೆಸಾ ಅಂತ ತಡವರಿಸದೆ ಹೇಳಿದ್ರೆ ಪಾಠ ಮುಗೀತು.